ಕೊಬ್ಬರಿ ತಕ್ಕಡಿ ಏರುವ ರಾಟ್‌ವೈಲರ್

ತಿಪಟೂರಿನ ಹತ್ತಿರ ನಮ್ಮ ತೋಟ. 2018ರಲ್ಲಿ ರಾಟ್‌ವೈಲರ್ ಎಂಬ ತಳಿಯ ಎರಡು ತಿಂಗಳ ಹೆಣ್ಣು ನಾಯಿಮರಿಯೊಂದನ್ನು ತಂದೆ. ಕಾಯಿ ಕಳ್ಳತನ ಹೆಚ್ಚಾಗಿತ್ತು, ಕಂಡರೆ ಹೆದರಿಕೆ ಹುಟ್ಟಬೇಕು ಎಂಬುದಷ್ಟೇ ನನ್ನ ಲೆಕ್ಕ. ಕಾಡಿಗೆಯಂಥ ಕಪ್ಪುಮರಿಗೆ ಅಮ್ಮ ‘ಬೆಳ್ಳಿ’ ಎಂದು ಹೆಸರಿಟ್ಟರು. ಹುಬ್ಬಿನ ಮೇಲಿನ ಎರಡು ಕಂದು ಬೊಟ್ಟು ಬಿಟ್ಟರೆ ಅವಳಲ್ಲಿ ಹೊಳೆಯುವಂಥದ್ದು ಏನೂ ಇರಲಿಲ್ಲ.

ಅವಳು ಯಾರೆಂದು ನನಗೆ ತಿಳಿದದ್ದು ವರ್ಷವಾದ ಮೇಲೆ. ಒಂದು ಸಂಜೆ ಹಗ್ಗ ಬಿಚ್ಚಿಕೊಂಡ ಹಸು ಪಕ್ಕದವರ ರಾಗಿ ಹೊಲಕ್ಕೆ ನುಗ್ಗಿತು. ಬೆಳ್ಳಿ ಬೊಗಳಲಿಲ್ಲ, ಕಚ್ಚಲೂ ಇಲ್ಲ. ಸುತ್ತು ಹಾಕಿ ಹೋಗಿ ಹಸುವಿನ ಹಿಂಗಾಲಿನ ಮೇಲ್ಭಾಗಕ್ಕೆ ಭುಜ ಕೊಟ್ಟು ಒತ್ತಿದಳು. ಹಸು ಒಂದು ಹೆಜ್ಜೆ ಇಟ್ಟಿತು, ಇವಳು ಮತ್ತೆ ಒತ್ತಿದಳು. ಹೀಗೇ ಒತ್ತುತ್ತ ಒತ್ತುತ್ತ ಕೊಟ್ಟಿಗೆಯ ಬಾಗಿಲಿಗೆ ತಂದು ನಿಲ್ಲಿಸಿದಳು. ಯಾರೂ ಕಲಿಸಿರಲಿಲ್ಲ.

ಆಮೇಲೆ ಓದಿ ತಿಳಿದೆ, ಅದು ಅವಳ ಕುಲಕಸುಬು. ಜರ್ಮನಿಯ ನೈರುತ್ಯದಲ್ಲಿ, ನೆಕರ್ ನದಿಯ ದಡದಲ್ಲಿರುವ ರಾಟ್‌ವೈಲ್ ಪಟ್ಟಣದ ಹೆಸರೇ ಈ ತಳಿಗೆ ಬಂದಿದೆ. ಆ ಊರು ರೋಮನ್ನರ ಕಾಲದ್ದು, ಮುಂದೆ ದೊಡ್ಡ ದನದ ಸಂತೆಯಾಗಿ ಬೆಳೆಯಿತು. ಅಲ್ಲಿನ ಕಟುಕರು ಸಂತೆಗೆ ದನ ಅಟ್ಟಲು, ಮಾಂಸದ ಗಾಡಿ ಎಳೆಸಲು ಈ ನಾಯಿಗಳನ್ನು ಸಾಕುತ್ತಿದ್ದರು. ಮಾರಿದ ಹಣದ ಚೀಲವನ್ನು ನಾಯಿಯ ಕೊರಳಿಗೇ ಕಟ್ಟಿ ಮನೆಗೆ ಮರಳುತ್ತಿದ್ದರೆಂಬ ಮಾತೂ ಇದೆ. ರೈಲು ಬಂದು ದನಗಳು ಬೋಗಿ ಹತ್ತಿದ ಮೇಲೆ ನಾಯಿಗೆ ಕೆಲಸ ಹೋಯಿತು; ಇಪ್ಪತ್ತನೇ ಶತಮಾನದ ಆರಂಭಕ್ಕೆ ತಳಿ ಅಳಿವಿನ ಅಂಚಿನಲ್ಲಿತ್ತು. ಬದುಕಿಸಿದ್ದು ಪೊಲೀಸ್ ಕೆಲಸ. 1921ರಲ್ಲಿ ಜರ್ಮನಿಯ ರಾಟ್‌ವೈಲರ್ ಸಂಘ ಹುಟ್ಟಿ ತಳಿಗೆ ಗಟ್ಟಿ ನೆಲೆ ಸಿಕ್ಕಿತು.

ಇದನ್ನೆಲ್ಲ ಮೊದಲೇ ಓದಿದ್ದರೆ ನನ್ನ ದೊಡ್ಡ ತಪ್ಪು ತಪ್ಪುತ್ತಿತ್ತು. ಮೈ ತುಂಬಿದಷ್ಟೂ ಚೆಂದ ಎಂದುಕೊಂಡು ಮುದ್ದೆ, ಮೊಟ್ಟೆ, ಕೋಳಿ, ಮೇಲೆ ಅಂಗಡಿಯವರು ಕೊಟ್ಟ ಕ್ಯಾಲ್ಸಿಯಂ ಪುಡಿ ಎಲ್ಲವನ್ನೂ ಸುರಿದೆ. ಒಂದೂವರೆ ವರ್ಷಕ್ಕೆ 49 ಕೆ.ಜಿ. ತೂಗಿದಳು. ಮಲಗಿದವಳು ಏಳುವಾಗ ಹಿಂಗಾಲು ಎಳೆಯುತ್ತಿದ್ದಳು, ಓಡುವಾಗ ಮೊಲದಂತೆ ಎರಡೂ ಕಾಲು ಜೋಡಿಸಿ ಕುಪ್ಪಳಿಸುತ್ತಿದ್ದಳು. ಪಶುವೈದ್ಯರು ಎಕ್ಸ್‌ರೇ ಹಿಡಿದು ನೋಡಿ, “ಸಾಕುತ್ತಿದ್ದೀರೋ, ಕೊಬ್ಬಿಸುತ್ತಿದ್ದೀರೋ?” ಎಂದರು. ಸೊಂಟದ ಕೀಲು ಸಡಿಲಾಗಿ ಕೂರುವುದು ಈ ತಳಿಗೆ ವಂಶದಿಂದಲೇ ಬರುವ ತೊಂದರೆ. ಬೆಳೆಯುವ ವಯಸ್ಸಿನಲ್ಲಿ ತೂಕವೂ ಬೇಡದ ಕ್ಯಾಲ್ಸಿಯಮ್ಮೂ ಸೇರಿದರೆ ಅದು ಬಿಗಡಾಯಿಸುತ್ತದೆ. ಮರಿ ಕೊಳ್ಳುವ ಮುಂಚೆ ತಂದೆತಾಯಿಯ ಸೊಂಟದ ಎಕ್ಸ್‌ರೇ ಕೇಳಬೇಕಿತ್ತು. ನಾನು ಕೇಳಿದ್ದು ಬೆಲೆ ಮಾತ್ರ.

ಅಂದಿನಿಂದ ಕೊಬ್ಬರಿ ತೂಗುವ ತಕ್ಕಡಿಯೇ ಬೆಳ್ಳಿಗೂ ತಕ್ಕಡಿ. ಹದಿನೈದು ದಿನಕ್ಕೊಮ್ಮೆ ಅದರ ಮೇಲೆ ಕೂರಿಸುತ್ತೇನೆ. ತಳಿಯ ಅಳತೆಯಂತೆ ಹೆಣ್ಣಿಗೆ ಸುಮಾರು 42 ಕೆ.ಜಿ., ಗಂಡಿಗೆ 50 ಇದ್ದರೆ ಸರಿ. ತಕ್ಕಡಿ ಇಲ್ಲದವರು ಅಂಗೈಯಿಂದ ಪಕ್ಕೆ ಸವರಿ ನೋಡಬಹುದು: ಎಲುಬು ಬೆರಳಿಗೆ ಸಿಗಬೇಕು, ಕಣ್ಣಿಗೆ ಎದ್ದು ಕಾಣಬಾರದು. ಎಂಟು ತಿಂಗಳಲ್ಲಿ 41ಕ್ಕೆ ಇಳಿಸಿದೆ. ಊಟವನ್ನು ಎರಡು ಹೊತ್ತಿಗೆ ಹಂಚುತ್ತೇನೆ, ತಿಂದ ಮೇಲೆ ಒಂದು ಗಂಟೆ ಓಡಲು ಬಿಡುವುದಿಲ್ಲ; ಆಳವಾದ ಎದೆಯ ನಾಯಿಗಳಲ್ಲಿ ಹೊಟ್ಟೆ ಉಬ್ಬಿ ಜಠರ ತಿರುಚಿಕೊಂಡರೆ ಜೀವ ಉಳಿಸಲು ಕೆಲವೇ ಗಂಟೆ ಸಿಗುತ್ತವೆ. ಈರುಳ್ಳಿ, ದ್ರಾಕ್ಷಿ, ಬೇಯಿಸಿದ ಮೂಳೆ ಕೊಡುವುದೇ ಇಲ್ಲ.

ಬಿಸಿಲು ಇವಳ ಶತ್ರು. ಕಪ್ಪು ಮೈ, ಎರಡು ಪದರದ ಕೂದಲು. ಬೇಸಿಗೆಯಲ್ಲಿ ಸೂರ್ಯ ಹುಟ್ಟುವ ಮುನ್ನ ಸುತ್ತಾಟ ಮುಗಿಸಿ, ಮಧ್ಯಾಹ್ನ ಪಂಪ್‌ಹೌಸಿನ ತಣ್ಣನೆಯ ನೆಲದ ಮೇಲೆ ಬಿಡುತ್ತೇನೆ. ಬಿಸಿಲಿಗಿಂತ ಹೆಚ್ಚು ಕಾಡಿದ್ದು ರಕ್ತ ಹೀರುವ ಉಣ್ಣೆ ಹುಳು. ಎರಡು ದಿನ ಊಟ ಮುಟ್ಟದಿದ್ದಾಗ ತುಟಿ ಎತ್ತಿ ನೋಡಿದೆ, ವಸಡು ಸುಣ್ಣದಂತೆ ಬಿಳುಚಿತ್ತು. ಉಣ್ಣೆ ಜ್ವರ. 28 ದಿನ ಮಾತ್ರೆ ನುಂಗಿಸಿ ಉಳಿಸಿಕೊಂಡೆವು. ಈಗ ರಾತ್ರಿ ಟಾರ್ಚ್ ಹಿಡಿದು ಕಿವಿಯೊಳಗೆ, ಬೆರಳುಗಳ ಸಂದಿನಲ್ಲಿ ಹುಡುಕದೆ ಮಲಗುವುದಿಲ್ಲ.

ಸ್ವಭಾವದ ವಿಷಯದಲ್ಲಿ ಮಾತ್ರ ನಾನು ಮೊದಲಿನಿಂದ ಸರಿಯಾಗಿ ನಡೆದುಕೊಂಡೆ. ಲಸಿಕೆ ಮುಗಿಯುವ ಮುನ್ನ ನೆಲಕ್ಕೆ ಬಿಡದೆ, ಕಂಕುಳಲ್ಲಿ ಎತ್ತಿಕೊಂಡು ಬಸ್ ನಿಲ್ದಾಣ, ಸಂತೆ, ಶಾಲೆಯ ಗೇಟು ಎಲ್ಲ ತೋರಿಸಿದೆ. ಸರಪಳಿ ಹಾಕಿ ಕಟ್ಟಲಿಲ್ಲ. ಕೂರು, ನಿಲ್ಲು, ಬಿಡು – ಮೂರೇ ಮಾತು, ಮನೆಮಂದಿಯೆಲ್ಲ ಒಂದೇ ರೀತಿ ಹೇಳಬೇಕು. ಆದರೂ ನೆಂಟರ ಮಕ್ಕಳು ಬಂದಾಗ ಅವಳನ್ನು ಒಂಟಿಯಾಗಿ ಬಿಡುವುದಿಲ್ಲ. ಅವಳು ಪ್ರೀತಿಯಿಂದ ಒರಗಿದರೂ ಮಗು ಬೀಳುತ್ತದೆ.

ಮಾರ್ಚ್ 2024ರಲ್ಲಿ ಕೇಂದ್ರದ ಸುತ್ತೋಲೆ ರಾಟ್‌ವೈಲರ್ ಸೇರಿ ಇಪ್ಪತ್ತಕ್ಕೂ ಹೆಚ್ಚು ತಳಿಗಳನ್ನು ನಿಷೇಧಿಸಲು ಹೇಳಿದಾಗ ಊರಿನವರು ದಿನಕ್ಕೊಬ್ಬರಂತೆ ಬಂದು ವಿಚಾರಿಸಿದರು. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದುಪಡಿಸಿತು. ಆ ಭಯಕ್ಕೆ ಕಾರಣವಿಲ್ಲ ಎಂದು ನಾನು ಹೇಳುವುದಿಲ್ಲ. ಹಗಲೆಲ್ಲ ಕಟ್ಟಿಹಾಕಿ, ರಾತ್ರಿ ಬಿಟ್ಟು, ದಾರಿಹೋಕರ ಮೇಲೆ ಛೂ ಬಿಡುವವರನ್ನು ನಾನೇ ನೋಡಿದ್ದೇನೆ.

ಬೆಳ್ಳಿಯ ಮೂತಿ ಈಗ ನರೆತಿದೆ. ಅಮ್ಮ ಇಟ್ಟ ಹೆಸರು ತಡವಾಗಿ ಒಪ್ಪುತ್ತಿದೆ. ನಿನ್ನೆ ತೂಗಿದರೆ ಮತ್ತೆ ಎರಡು ಕೆ.ಜಿ. ಏರಿದ್ದಾಳೆ. ಹಬ್ಬದ ಒಬ್ಬಟ್ಟು ಎಷ್ಟು ಅವಳ ಹೊಟ್ಟೆಗೆ ಹೋಯಿತೆಂದು ಅಮ್ಮನನ್ನು ಕೇಳಿದೆ. “ನನಗೇನು ಗೊತ್ತಪ್ಪ” ಎಂದು ಒಳಗೆ ಹೋದರು. ಬೆಳ್ಳಿಯೂ ಅವರ ಹಿಂದೆಯೇ ಹೋದಳು.