ಕಮ್ಯುನಿಟಿ ಕಾಲೇಜಿನಿಂದ ಯೂನಿವರ್ಸಿಟಿಗೆ: ಟ್ರಾನ್ಸ್‌ಫರ್ ಕೌನ್ಸೆಲರ್ ಆಗಿ ನನ್ನ ಅನುಭವ

ಲಾಸ್ ಏಂಜಲೀಸ್ ಕಡೆಯ ಒಂದು ಕಮ್ಯುನಿಟಿ ಕಾಲೇಜಿನಲ್ಲಿ, ಅಂದರೆ ಎರಡು ವರ್ಷದ ಸರ್ಕಾರಿ ಕಾಲೇಜಿನಲ್ಲಿ, ನಾನು ಟ್ರಾನ್ಸ್‌ಫರ್ ಕೌನ್ಸೆಲರ್. ನನ್ನ ಹತ್ತಿರ ಬರುವವರಲ್ಲಿ ಆಫ್ರಿಕನ್-ಅಮೆರಿಕನ್ ವಿದ್ಯಾರ್ಥಿಗಳೇ ಜಾಸ್ತಿ. ಅವರು ಮೂರನೇ ವರ್ಷಕ್ಕೆ ಸರ್ಕಾರಿ ಯೂನಿವರ್ಸಿಟಿ ಸೇರುವ ಹಾಗೆ ಮಾಡುವುದು ನನ್ನ ಕೆಲಸ.

ನಮ್ಮೂರಲ್ಲಿ ಡಿಪ್ಲೊಮಾ ಮುಗಿಸಿ, ಡಿಸಿಇಟಿ ಬರೆದು, ನೇರವಾಗಿ ಬಿಇ ಎರಡನೇ ವರ್ಷಕ್ಕೆ ಸೇರಿದವರಿಗೆ ಇದು ಅರ್ಧ ಅರ್ಥವಾಗುತ್ತದೆ. ಆದರೆ ಅಲ್ಲಿ ಡಿಪ್ಲೊಮಾ ಇಡಿಯಾಗಿ ಲೆಕ್ಕಕ್ಕೆ ಬರುತ್ತದೆ. ಇಲ್ಲಿ ಒಂದೊಂದು ಕೋರ್ಸನ್ನೂ ಬಿಡಿಬಿಡಿಯಾಗಿ ನೋಡುತ್ತಾರೆ. ಒಂದು ಕ್ಯಾಂಪಸ್ಸಿನಲ್ಲಿ ಮುಖ್ಯ ವಿಷಯಕ್ಕೆ, ಅಂದರೆ ಮೇಜರ್‌ಗೆ ಸಲ್ಲುವ ಕೋರ್ಸ್ ಇನ್ನೊಂದು ಕಡೆ ಬರೀ ಎಲೆಕ್ಟಿವ್. ಯಾವುದು ಎಲ್ಲಿಗೆ ಸಲ್ಲುತ್ತದೆ ಅಂತ ನೋಡೋಕೆ 'ಅಸಿಸ್ಟ್' ಅನ್ನುವ ಒಂದು ಸೈಟ್ ಇದೆ. ನನ್ನ ಕಂಪ್ಯೂಟರಿನಲ್ಲಿ ಅದು ಬೆಳಗ್ಗೆಯಿಂದ ಸಂಜೆವರೆಗೂ ತೆರೆದೇ ಇರುತ್ತದೆ.

ಎರಡು ವರ್ಷದ ಓದು ಅಂತ ಬಾಯಲ್ಲಿ ಹೇಳುತ್ತೇವೆ, ಅಷ್ಟೆ. ಯೂನಿವರ್ಸಿಟಿಗೆ ಅರ್ಜಿ ಹಾಕೋದು ಸೇರುವ ಹಿಂದಿನ ವರ್ಷದ ಅಕ್ಟೋಬರ್, ನವೆಂಬರಿನಲ್ಲಿ. ಅಂದರೆ ಆ ಹೊತ್ತಿಗೆ ಕೈಯಲ್ಲಿರುವುದು ಮೊದಲ ವರ್ಷದ ಗ್ರೇಡುಗಳು ಮಾತ್ರ. ಮೊದಲ ವರ್ಷ ಸುಮ್ನೆ ಯಾವುದೋ ಸಿಕ್ಕಿದ ಕೋರ್ಸ್ ತಗೊಂಡರೆ ಆಮೇಲೆ ಸರಿಮಾಡೋಕೆ ಟೈಮೇ ಇರುವುದಿಲ್ಲ. ಅದಕ್ಕೇ ಹೊಸಬರು ಕೂತ ತಕ್ಷಣ ನಾನು ಕೊನೆಯ ಸೆಮಿಸ್ಟರಿನಿಂದ ಹಿಂದಕ್ಕೆ ಬರೆಯುತ್ತಾ ಬರುತ್ತೇನೆ. ಗಣಿತ, ಇಂಗ್ಲಿಷ್ ಎರಡೂ ಮೊದಲ ವರ್ಷದಲ್ಲೇ. ಇದರಲ್ಲಿ ನಾನು ಚೌಕಾಸಿಗೆ ಇಳಿಯುವುದಿಲ್ಲ.

ಒಬ್ಬಳು ಹುಡುಗಿಯ ಕಥೆ ಹೇಳುತ್ತೇನೆ. ಹುಡುಗಿ ಅಂತೀನಿ, ಆದರೆ ಮಗುವಿನ ತಾಯಿ. ರಾತ್ರಿ ಗೋದಾಮಿನಲ್ಲಿ ಕೆಲಸ. ನಮ್ಮಲ್ಲಿಗೆ ಬರುವ ಮೊದಲೇ ಎರಡು ಕಾಲೇಜು ನೋಡಿದ್ದಳು. ಮೂರು ಅಂಕಪಟ್ಟಿಗಳನ್ನು ಮೇಜಿನ ಮೇಲೆ ಹರಡಿ, "ಮಿಸ್, ಟ್ರಾನ್ಸ್‌ಫರ್‌ಗೆ ಬೇಕಾದ 60 ಯೂನಿಟ್ ದಾಟಿದೆಯಲ್ಲ, ಇನ್ನೇನು ಬೇಕು?" ಅಂದಳು. ಯೂನಿಟ್ ಅಂದರೆ ನಮ್ಮ ಕಡೆಯ ಕ್ರೆಡಿಟ್. ಸೈಕಾಲಜಿ ಕೋರ್ಸುಗಳೆಲ್ಲ ಚೆನ್ನಾಗಿದ್ದವು. ಇಂಗ್ಲಿಷಿನಲ್ಲಿ ಎ ಇತ್ತು. ಗಣಿತದ ಕೋರ್ಸಾಗಿ ಬೇಕಿದ್ದ ಸ್ಟಾಟಿಸ್ಟಿಕ್ಸ್ ಮಾತ್ರ ಎಲ್ಲೂ ಕಾಣಲಿಲ್ಲ. ಬದಲಿಗೆ ಹಳೆಯ ಅಂಕಪಟ್ಟಿಯಲ್ಲಿ ಮೂರು ಸೆಮಿಸ್ಟರ್ ಪೂರ್ತಿ ಸ್ಕೂಲ್ ಮಟ್ಟದ ಗಣಿತ. ಯೂನಿವರ್ಸಿಟಿಗೆ ಅದರಲ್ಲಿ ಒಂದು ಯೂನಿಟ್ಟೂ ಸಲ್ಲುವುದಿಲ್ಲ.

ತಪ್ಪು ಅವಳದ್ದಲ್ಲ. ಮೊದಲೆಲ್ಲ ಯಾವ ಮಟ್ಟದ ಕ್ಲಾಸಿಗೆ ಹಾಕಬೇಕು ಅಂತ ನೋಡೋಕೆ ಒಂದು ಪ್ಲೇಸ್‌ಮೆಂಟ್ ಟೆಸ್ಟ್ ಬರೆಸಿ, ಅದರ ಮೇಲೆ ಕೆಳಗಿನ ಕ್ಲಾಸಿಗೆ ತಳ್ಳುತ್ತಿದ್ದರು. ಕಪ್ಪು ವಿದ್ಯಾರ್ಥಿಗಳು ಅಲ್ಲಿ ಸಿಕ್ಕಿಹಾಕಿಕೊಂಡಷ್ಟು ಬಿಳಿಯರು ಸಿಕ್ಕಿಹಾಕಿಕೊಳ್ಳಲಿಲ್ಲ. 2017ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಬಿ 705 ಕಾನೂನು ಬಂತು. ಈಗ ಹೈಸ್ಕೂಲಿನ ಗ್ರೇಡ್ ನೋಡಿ ನೇರ ಕಾಲೇಜು ಮಟ್ಟದ ಗಣಿತಕ್ಕೆ ಹಾಕಬೇಕು, ಬೇಕಾದವರಿಗೆ ಜೊತೆಯಲ್ಲೇ ಸಹಾಯದ ಕ್ಲಾಸು. ಅವಳನ್ನು ಆ ರೀತಿಯೇ ಸ್ಟಾಟಿಸ್ಟಿಕ್ಸಿಗೆ ಸೇರಿಸಿದೆ. ಬಿ ತಂದಳು. ಗಣಿತ ತಲೆಗೆ ಹತ್ತಲ್ಲ ಅಂತ ಇವಳನ್ನು ಯಾರು ಯಾಕೆ ನಂಬಿಸಿದರೋ!

ಇನ್ನೊಂದು ಗೊಂದಲ 'ಗ್ಯಾರಂಟಿ' ವಿಷಯದ್ದು. 2010ರ ಎಸ್‌ಬಿ 1440 ಕಾನೂನಿನಿಂದ ಟ್ರಾನ್ಸ್‌ಫರ್‌ಗೆಂದೇ ಎರಡು ವರ್ಷದ ಅಸೋಸಿಯೇಟ್ ಡಿಗ್ರಿ ಬಂತು. ಅದಿದ್ದರೆ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯಲ್ಲಿ ಸೀಟು ಖಾತ್ರಿ, ಆದರೆ ಬೇಕಾದ ಕ್ಯಾಂಪಸ್ಸಿನಲ್ಲಿ ಅಲ್ಲ. ಸ್ಯಾನ್ ಡಿಯೇಗೊ ಸ್ಟೇಟ್‌ನಂಥ ಕಡೆ ಪೈಪೋಟಿ ಜೋರು. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ (ಯುಸಿ) ಆರು ಕ್ಯಾಂಪಸ್ಸುಗಳು 'ಟ್ಯಾಗ್' ಅನ್ನುವ ಖಾತ್ರಿ ಕೊಡುತ್ತವೆ: ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್. ಎಲ್ಲರೂ ಕೇಳುವ ಯುಸಿಯ ಕ್ಯಾಂಪಸ್ಸುಗಳಾದ ಬರ್ಕ್ಲಿ, ಯುಸಿಎಲ್‌ಎ ಇದರಲ್ಲಿಲ್ಲ. ಟ್ಯಾಗ್ ಅರ್ಜಿಗೆ ಸೆಪ್ಟೆಂಬರ್ ಒಂದೇ ತಿಂಗಳು, ಮತ್ತು ಒಂದೇ ಕ್ಯಾಂಪಸ್. ಮನೆ ಬಿಟ್ಟು ಹೋಗಲಾಗದವರಿಗೆ ನಾನು ಮೊದಲು ಕೇಳುವ ಪ್ರಶ್ನೆ, ನಿನ್ನ ಕಾರು ಎಷ್ಟು ದೂರ ಓಡುತ್ತೆ ಅನ್ನುವುದು. ನಗುತ್ತಾರೆ, ಆದರೆ ಕ್ಯಾಂಪಸ್ ಯಾವುದು ಅಂತ ಅರ್ಧ ತೀರ್ಮಾನ ಅಲ್ಲೇ ಆಗಿಬಿಡುತ್ತದೆ.

ನಾನು ರೂಮಿನಲ್ಲಿ ಕೂತು ಕಾಯುವುದಿಲ್ಲ. ನಮ್ಮ ಕಾಲೇಜಿನಲ್ಲಿ ಉಮೋಜಾ ಕಾರ್ಯಕ್ರಮ ಇದೆ. ಕಪ್ಪು ಸಮುದಾಯದ ಇತಿಹಾಸ, ಬದುಕನ್ನು ಇಟ್ಟುಕೊಂಡೇ ಅಲ್ಲಿ ಪಾಠ, ಕೌನ್ಸೆಲಿಂಗ್ ಎಲ್ಲ ನಡೆಯುತ್ತದೆ. ಬಾಗಿಲು ಮಾತ್ರ ಎಲ್ಲರಿಗೂ ತೆರೆದಿದೆ. ಅವರ ರೂಮಿನ ಸೋಫಾದಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತರೆ, ಅಪಾಯಿಂಟ್‌ಮೆಂಟ್ ತಗೊಳ್ಳದವರೂ ಪಕ್ಕದಲ್ಲಿ ಬಂದು ಕೂರುತ್ತಾರೆ. ನಾನು ಸೀರೆ ಉಟ್ಟ ಫೋಟೋ ನೋಡಿ ಊರು ಯಾವುದು ಅಂತ ಶುರುವಾದ ಮಾತು ಬಿಟ್ಟುಹೋದ ಗಣಿತದವರೆಗೆ ಬರುತ್ತದೆ. ನಾನು ಹೊರಗಿನವಳು. ಅವರ ಮಧ್ಯೆ ನನಗೆ ಜಾಗ ಮಾಡಿಕೊಟ್ಟದ್ದು ಅಲ್ಲಿನ ಕಪ್ಪು ಪ್ರೊಫೆಸರುಗಳು.

1996ರಲ್ಲಿ ಮತದಾರರು ಒಪ್ಪಿದ ಪ್ರೊಪೊಸಿಷನ್ 209 ಅನ್ನುವ ಕಾನೂನಿನಿಂದಾಗಿ ಇಲ್ಲಿನ ಸರ್ಕಾರಿ ಯೂನಿವರ್ಸಿಟಿಗಳು ಪ್ರವೇಶ ಕೊಡುವಾಗ ಜನಾಂಗ ನೋಡಿ ಆದ್ಯತೆ ಕೊಡುವ ಹಾಗಿಲ್ಲ. ಅದಕ್ಕೇ ಕೆಲವರು ಪ್ರಬಂಧದಲ್ಲಿ ತಮ್ಮ ಬಗ್ಗೆ ಏನಾದರೂ ಬರೆಯೋಕೇ ಹೆದರುತ್ತಾರೆ. ನಿನ್ನ ಬದುಕು ನಿನ್ನದು, ಬರಿ ಅನ್ನುತ್ತೇನೆ. ಯುಸಿ ಅರ್ಜಿಯ ಒಂದೊಂದು ಪ್ರಶ್ನೆಗೂ 350 ಪದದೊಳಗೆ ಉತ್ತರ ಬರೆಯಬೇಕು. ಆ ಗೋದಾಮಿನ ಹುಡುಗಿ ಮೊದಲ ಕರಡಿನಲ್ಲಿ ರಾತ್ರಿ ಕೆಲಸದ ಮಾತೇ ಎತ್ತಿರಲಿಲ್ಲ. ಯಾಕೆ ಅಂದರೆ, "ಅದರಲ್ಲೇನಿದೆ, ಎಲ್ಲರೂ ಮಾಡುತ್ತಾರೆ" ಅಂದಳು. ಎಷ್ಟು ಗಂಟೆ ಕೆಲಸ, ಎಷ್ಟು ಹೊತ್ತಿಗೆ ಮನೆ, ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ಕೇಳಿ ಕೇಳಿ ಬರೆಸಿದೆ. ಪ್ರಬಂಧಕ್ಕೆ ಜೀವ ಬಂತು.

ಅರ್ಜಿ ಹಾಕಿ ಕೈ ತೊಳೆದುಕೊಂಡರೆ ಆಗಲಿಲ್ಲ. ಯುಸಿಗೆ ಜನವರಿ ಕೊನೆಯೊಳಗೆ ಹೊಸ ಗ್ರೇಡುಗಳನ್ನು ತಿಳಿಸಬೇಕು. ಇದನ್ನು ಮರೆಯುವವರೇ ಹೆಚ್ಚು, ಹಾಗಾಗಿ ಎಲ್ಲರಿಗೂ ಮೆಸೇಜ್ ಹಾಕುತ್ತೇನೆ. ಸೀಟು ಸಿಕ್ಕರೆ ಜೂನ್ 1ರೊಳಗೆ ಒಪ್ಪಿಗೆ ಕಳಿಸಬೇಕು, ಜುಲೈ 1ರೊಳಗೆ ಓದಿದ ಪ್ರತಿಯೊಂದು ಕಾಲೇಜಿನಿಂದಲೂ ಅಂತಿಮ ಅಂಕಪಟ್ಟಿ ಹೋಗಬೇಕು. ಆ ಗೋದಾಮಿನ ಹುಡುಗಿಗೆ ರಿವರ್‌ಸೈಡಿನಲ್ಲಿ ಸೀಟು ಸಿಕ್ಕಿತು, ಆದರೆ ಅವಳು ಓದಿದ್ದು ಮೂರು ಕಾಲೇಜು. ಹಳೆಯ ಒಂದು ಕಡೆಯಿಂದ ಅಂಕಪಟ್ಟಿ ಹೋಗಿರಲೇ ಇಲ್ಲ. ಅಲ್ಲಿಗೆ ಮತ್ತೆ ಕೇಳಿಸಿ, ಅಂಕಪಟ್ಟಿ ರಿವರ್‌ಸೈಡ್ ತಲುಪಿತಾ ಅಂತ ಅವಳ ಕೈಯಲ್ಲೇ ಪೋರ್ಟಲ್ ತೆರೆಸಿ ನೋಡಿದ ಮೇಲೆಯೇ ಅವಳ ಫೈಲ್ ಮುಚ್ಚಿದ್ದು.