ಎಕ್ಕದ ಎಲೆಗೆ ಟ್ಯೂಬಿನ ಹಸಿರು ಬೇಡ

ಎಕ್ಕ, ತಂಗಡಿಯಂಥ ನಮ್ಮ ಬಯಲುಸೀಮೆ ಗಿಡಗಳ ಎಚ್ಚಿಂಗ್ (ಲೋಹದ ತಗಡಿನಲ್ಲಿ ಆಸಿಡ್‌ನಿಂದ ಗೆರೆ ಕೊರೆದು, ಇಂಕು ತುಂಬಿ ಕಾಗದಕ್ಕೆ ಒತ್ತುವ ಚಿತ್ರ) ಮಾಡಿ, ಕೈಯಲ್ಲೇ ಜಲವರ್ಣ ಹಚ್ಚುವವರಿಗೆ ಒಂದು ಮಾತು. ಟ್ಯೂಬಿನ ಹಸಿರನ್ನು ಹಾಗೇ ಹಚ್ಚಬೇಡಿ. ಗಿಡ ಮಲೆನಾಡಿನದು ಅನ್ನಿಸಿಬಿಡುತ್ತದೆ. ಎಕ್ಕದ ಎಲೆ ಮೇಲೆ ಬೂದಿ ಸವರಿದಂತೆ ಬಿಳಿ ಮೇಣದ ಪದರ ಇರುತ್ತದೆ. ಎಲೆಯ ನೀರು ಬಿಸಿಲಿಗೆ ಬೇಗ ಆರದಂತೆ ಕಾಯುವುದು ಅದೇ. ಆದ್ದರಿಂದ ಹಸಿರಿಗೆ ಚೂರೇ ಚೂರು ಕೆಂಪು ಬೆರೆಸಿ ಮಂಕು ಮಾಡಿ, ನೀರು ಜಾಸ್ತಿ ಹಾಕಿ ತೆಳುವಾಗಿ ಎಳೆಯಿರಿ. ಬೆಳಕು ಬೀಳುವ ಕಡೆ ಕಾಗದ ಖಾಲಿ ಬಿಡಿ. ಬಿಳಿ ಬಣ್ಣ ಬಳಿಯುವುದಕ್ಕಿಂತ ಅದು ಎಷ್ಟೋ ಚೆಂದ.

ಎಣ್ಣೆ ಇಂಕಿನಲ್ಲೇ ಪ್ರಿಂಟ್ ತೆಗೆಯಿರಿ. ಒಣಗಿದ ಮೇಲೆ ನೀರು ತಾಗಿದರೂ ಗೆರೆ ಕದಡುವುದಿಲ್ಲ. ಬೆಂಗಳೂರಿನ ಮಳೆಗಾಲದಲ್ಲಿ ಒಣಗಲು ತಡವಾಗುತ್ತದೆ, ಅವಸರ ಬೇಡ. ಗೆರೆ ಮೇಲೆ ಟಿಶ್ಯೂ ಒತ್ತಿ ನೋಡಿ. ಕಲೆ ಬಂದರೆ ಇನ್ನೂ ಕಾಯಬೇಕು.

ಬಣ್ಣ ಹೊಂದಿಸಲು ಫೋಟೊ ಸಾಲದು. ಬಡಾವಣೆಯ ಖಾಲಿ ಸೈಟುಗಳಲ್ಲೇ ಎಕ್ಕ ಸಿಗುತ್ತದೆ ಅಲ್ವಾ, ಬಣ್ಣ ಬೆರೆಸಿದ ಕಾಗದದ ಚೂರನ್ನು ಎಲೆ ಪಕ್ಕ ಹಿಡಿದು ನೋಡಿ. ಎಲೆ ಕೀಳಬೇಡಿ. ಅದರ ಹಾಲು ಕಣ್ಣಿಗೆ ತಾಗಿದರೆ ತುಂಬಾ ಅಪಾಯ.