ಕೊಡಗಿನ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಗೂ ಟೂಲ್ಸ್ ತುಕ್ಕು ಹಿಡಿಯದಿರಲು

ಗ್ಯಾರೇಜಿನಲ್ಲಿ ಟೂಲ್ಸ್ ಇಡುವ ಬೀರುವಿನ ತಳದಲ್ಲಿ ಹಳೇ ಕಾಲದ 40 ವಾಟಿನ ತಂತಿ ಬಲ್ಬು ಒಂದನ್ನು ಹಾಕಿ, ಬಾಗಿಲು ಮುಚ್ಚಿ, ಮಳೆಗಾಲ ಮುಗಿಯುವ ತನಕ ಹಗಲೂ ರಾತ್ರಿ ಉರಿಯಲು ಬಿಡಿ. ಉಳಿಯ ಬಾಯಿಗೆ, ಗರಗಸದ ಹಲ್ಲಿಗೆ, ಡ್ರಿಲ್ ಚಕ್ಕಿನ ಸಂದಿಗೆ ಕೂರುವ ಆ ಕಂದು ಚುಕ್ಕೆ ಬರುವುದು ತೀರಾ ಕಡಿಮೆಯಾಗುತ್ತದೆ. ಒಳಗಿನ ಗಾಳಿ, ಟೂಲ್ಸ್ ಎರಡೂ ಹೊರಗಿಗಿಂತ ಸ್ವಲ್ಪ ಬೆಚ್ಚಗಿದ್ದರೆ ಸಾಕು, ಕಬ್ಬಿಣದ ಮೇಲೆ ತೇವ ಕೂರುವುದಿಲ್ಲ, ಅಷ್ಟೇ ಲೆಕ್ಕ. ಎಲ್‌ಇಡಿ ಹಾಕಿದರೆ ಪ್ರಯೋಜನ ಇಲ್ಲ, ಅದು ಸುಮ್ನೆ ಬೆಳಕು ಕೊಡುತ್ತದೆ, ನಮಗೆ ಬೇಕಾದಷ್ಟು ಬಿಸಿ ಅದರಿಂದ ಬರುವುದಿಲ್ಲ. ಕರೆಂಟು ದಿನಕ್ಕೆ ಹೆಚ್ಚುಕಡಿಮೆ ಒಂದು ಯುನಿಟ್. ಬಲ್ಬಿಗೆ ತಂತಿ ಬಲೆಯ ಗೂಡು ಕಟ್ಟಿ, ಮರದ ಹೊಟ್ಟು, ಬಟ್ಟೆ, ಥಿನ್ನರ್ ಡಬ್ಬಿ ಇವನ್ನೆಲ್ಲ ಆ ಬೀರುವಿನಲ್ಲಿ ಇಡಲೇಬೇಡಿ, ಇದರಲ್ಲಿ ಮಾತ್ರ ಉದಾಸೀನ ಬೇಡ. ಬಾಗಿಲು ಸರಿಯಾಗಿ ಕೂರದ ಬೀರುವಿಗೆ, ಗೋಡೆಗೆ ತಗುಲಿ ಹಾಕಿದ ಟೂಲ್ಸಿಗೆ ಈ ಉಪಾಯ ನಡೆಯುವುದಿಲ್ಲ. ತೋಟದಿಂದ ತಂದ ಒದ್ದೆ ಕತ್ತಿಯನ್ನು ಹಾಗೇ ಒಳಗೆ ತುರುಕಿದರೂ ಕೆಟ್ಟಿತು, ಆ ನೀರೆಲ್ಲ ಆವಿಯಾಗಿ ಪಕ್ಕದ ಉಳಿಗೇ ಹೋಗಿ ಕೂರುತ್ತದೆ. ಇನ್ನು ಭಾಗಮಂಡಲ ಕಡೆಯವರಿಗೆ ಗೊತ್ತೇ ಇದೆಯಲ್ವಾ, ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋದರೆ ದಿನಗಟ್ಟಲೆ ಬರುವುದಿಲ್ಲ. ಅದಕ್ಕೇ ಹರಿತದ ಟೂಲ್ಸಿಗೆ ಹೊಲಿಗೆ ಮೆಷಿನ್ ಎಣ್ಣೆಯನ್ನೂ ತೆಳ್ಳಗೆ ಸವರಿಡಿ. ತೆಂಗಿನೆಣ್ಣೆ ಬೇಡ, ದಿನ ಕಳೆದಂತೆ ಅಂಟಂಟಾಗುತ್ತದೆ.